ಕಿರ್ದಿ ಬರೆಯುವುದು ತುಸು ತಡವಾದರೆ

ಕೇಳುಗರಿಗೆ ನಮಸ್ಕಾರ.

ಹಳೆಯ ಅಂಗಡಿಗಳಲ್ಲಿ ಲೆಕ್ಕಕ್ಕೆ ಎರಡು ಪುಸ್ತಕ ಇರುತ್ತಿದ್ದವು. ಒಂದು ಕಿರ್ದಿ, ಇನ್ನೊಂದು ಖಾತೆ. ವ್ಯಾಪಾರ ನಡೆದ ಹಾಗೆಯೇ, ಒಂದರ ಕೆಳಗೊಂದು, ಕಿರ್ದಿಯಲ್ಲಿ ಬರೆಯುತ್ತಿದ್ದರು. ಯಾರದು ಎಷ್ಟು ಬಾಕಿ ಅನ್ನೋದನ್ನು ಆಮೇಲೆ ಪುರುಸೊತ್ತಿನಲ್ಲಿ ಖಾತೆಗೆ ಏರಿಸುತ್ತಿದ್ದರು. ಖಾತೆ ಬರೆಯುವುದು ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ. ಕಿರ್ದಿ ನೋಡಿಕೊಂಡು ಮುಂದುವರಿಸಬಹುದು.

ಇವತ್ತಿನ ಡೇಟಾಬೇಸ್‌ಗಳ ಕೆಲಸವೂ ಹೀಗೇ ನಡೆಯುತ್ತದೆ. ನನಗೆ ಚೆನ್ನಾಗಿ ಪರಿಚಯ ಇರುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ಅದನ್ನೇ ಹೇಳುತ್ತೇನೆ. ಅದಕ್ಕೂ ಒಂದು ಕಿರ್ದಿ ಇದೆ, ಲಾಗ್ ಅನ್ನುತ್ತಾರೆ. ಡೇಟಾ ಇರುವ ಟೇಬಲ್‌ಗಳ ಫೈಲುಗಳೇ ಅದರ ಖಾತೆ. ನೀವು ಕಮಿಟ್, ಅಂದರೆ ಈ ವ್ಯವಹಾರ ಖಾಯಂ ಮಾಡು, ಎಂದಾಗ ಅದು ಮೊದಲು ಲಾಗ್ ಬರೆಯುತ್ತದೆ. ಬರೆದದ್ದು ಡಿಸ್ಕ್ ಮುಟ್ಟುವವರೆಗೆ ಕಾಯುತ್ತದೆ. ಆಮೇಲೆಯೇ "ಆಯಿತು" ಎಂದು ಉತ್ತರ ಕೊಡುತ್ತದೆ. ಮೆಮೊರಿಯಲ್ಲಿರುವುದು ಕರೆಂಟ್ ಹೋದ ಕ್ಷಣವೇ ಅಳಿಸಿಹೋಗುತ್ತದೆ, ಅಲ್ವಾ? ಅದಕ್ಕೇ ಈ ಕಾಯುವಿಕೆ.

ಈ ಕಾಯುವಿಕೆ ದುಬಾರಿ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್, ಸೆಕೆಂಡಿಗೆ ತಿರುಗುವುದು 120 ಸುತ್ತು. ಒಂದೇ ಪ್ರೋಗ್ರಾಂ ಒಂದಾದ ಮೇಲೊಂದು ಕಮಿಟ್ ಮಾಡುತ್ತಿದ್ದರೆ, ಪ್ರತಿ ಕಮಿಟ್‌ಗೂ ಹೆಚ್ಚುಕಡಿಮೆ ಒಂದು ಸುತ್ತು ಕಾಯಬೇಕು. ಅಂದರೆ ಸೆಕೆಂಡಿಗೆ ನೂರಿಪ್ಪತ್ತರ ಆಸುಪಾಸು, ಅಷ್ಟೇ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಬಂದ ಮೇಲೆ ಕಾಯುವ ಹೊತ್ತು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

2008ರಲ್ಲಿ ಬಂದ ಪೋಸ್ಟ್‌ಗ್ರೆಸ್ 8.3 ಇದಕ್ಕೊಂದು ದಾರಿ ಮಾಡಿಕೊಟ್ಟಿತು. ಸಿಂಕ್ರೊನಸ್ ಕಮಿಟ್ ಎಂಬ ಸೆಟ್ಟಿಂಗ್ ಆಫ್ ಮಾಡಿದರೆ ಡಿಸ್ಕ್‌ಗೆ ಕಾಯದೆ ಆಗಲೇ ಉತ್ತರ ಬರುತ್ತದೆ. ಲಾಗ್ ಅನ್ನು ಡಿಸ್ಕ್‌ಗೆ ಇಳಿಸಲು ಹಿಂದೆ ಬೇರೊಂದು ಪ್ರಕ್ರಿಯೆ ಇರುತ್ತದೆ. ಸಾಮಾನ್ಯವಾಗಿ ಅದು 200 ಮಿಲಿಸೆಕೆಂಡಿಗೊಮ್ಮೆ ಏಳುತ್ತದೆ. ತೀರಾ ತಡವಾದರೆ ಇದರ ಮೂರು ಪಟ್ಟು, ಅಂದರೆ 600 ಮಿಲಿಸೆಕೆಂಡ್. ಅಷ್ಟರೊಳಗೆ ಸರ್ವರ್ ಬಿದ್ದರೆ, ಆ ಹೊತ್ತಿನಲ್ಲಿ "ಆಯಿತು" ಎಂದ ಕೆಲವು ಕೆಲಸಗಳು ಇಲ್ಲವಾಗಬಹುದು.

ಹೋಗುವುದು ಹೇಗೆ ಅನ್ನೋದನ್ನು ಗಮನಿಸಿ. ಕಿರ್ದಿಯ ಕೊನೆಯ ಕೆಲವು ಸಾಲು ಹರಿದುಹೋದ ಹಾಗೆ. ನಡುವೆ ಎಲ್ಲೂ ತೂತು ಬೀಳುವುದಿಲ್ಲ. ಅರ್ಧ ವ್ಯವಹಾರ ಉಳಿದು ಅರ್ಧ ಹೋಗುವುದಿಲ್ಲ. ಹೋದದ್ದು ಮೊದಲಿಂದ ನಡೆಯಲೇ ಇಲ್ಲ ಎಂಬಂತೆ ಹೋಗುತ್ತದೆ. ಉಳಿದ ಡೇಟಾ ಸರಿಯಾಗೇ ಇರುತ್ತದೆ.

ಎಫ್‌ಸಿಂಕ್ ಅನ್ನೋ ಇನ್ನೊಂದು ಸೆಟ್ಟಿಂಗ್ ಇದೆ. ಬರೆದದ್ದು ನಿಜವಾಗಿ ಡಿಸ್ಕ್ ಮುಟ್ಟಿತೇ ಎಂದು ಖಾತ್ರಿ ಮಾಡಿಕೊಳ್ಳುವುದು ಅದರ ಕೆಲಸ. ವೇಗ ಬೇಕು ಅಂತ ಅದನ್ನು ಆಫ್ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಕಿರ್ದಿಗಿಂತ ಮೊದಲೇ ಖಾತೆ ಡಿಸ್ಕ್ ಸೇರಿಬಿಡಬಹುದು. ಆಗ ಕರೆಂಟ್ ಹೋದರೆ ಇಡೀ ಡೇಟಾಬೇಸ್ ರಿಪೇರಿಗೆ ಬಾರದಷ್ಟು ಕೆಡಬಹುದು. ಎರಡೂ "ಡಿಸ್ಕ್‌ಗೆ ಕಾಯಬೇಡ" ಎಂದ ಹಾಗೇ ಕೇಳಿಸುತ್ತವೆ, ಆದರೆ ಒಂದರಲ್ಲಿ ಹೋಗುವುದು ಅರ್ಧ ಸೆಕೆಂಡಿನ ಕೆಲಸ, ಇನ್ನೊಂದರಲ್ಲಿ ಎಲ್ಲವೂ.

ಹಾಗಾದರೆ ಎಲ್ಲಿ ತಡ ಮಾಡಬಹುದು? ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. "ಆಯಿತು" ಎಂಬ ಮಾತನ್ನು ಕೇಳಿದವರು ಯಾರು, ಕೇಳಿ ಏನು ಮಾಡಿದರು? ಒಂದು ಪುಟವನ್ನು ಎಷ್ಟು ಜನ ನೋಡಿದರು ಎಂಬ ಎಣಿಕೆ. ಯಾರು ಯಾವಾಗ ಲಾಗಿನ್ ಆದರು ಎಂಬ ದಾಖಲೆ. ಇವುಗಳಲ್ಲಿ ನಾಲ್ಕು ಹೋದರೆ ಯಾರಿಗೂ ತೊಂದರೆಯಿಲ್ಲ. ಒಂದು ಫೈಲಿನಿಂದ ಲಕ್ಷ ಸಾಲು ತುಂಬುತ್ತಿದ್ದೀರಿ, ಆ ಫೈಲ್ ಕೈಯಲ್ಲೇ ಇದೆ, ಮತ್ತೆ ತುಂಬಬಹುದು. ಅಲ್ಲೂ ಸರಿ. ಆದರೆ ದುಡ್ಡು ಕಟ್ಟಿಸಿಕೊಂಡು ಟಿಕೆಟ್ ಆಯಿತು ಎಂದು ಮೆಸೇಜ್ ಕಳಿಸಿದ್ದರೆ ಕಾಯಲೇಬೇಕು. ಆ ಮೆಸೇಜ್ ನಂಬಿ ಒಬ್ಬರು ಊರಿಗೆ ಹೊರಟಿರುತ್ತಾರೆ.

ಕಣ್ತಪ್ಪುವ ಜಾಗವೊಂದಿದೆ. ಪ್ರೋಗ್ರಾಂ ಒಂದು ಕ್ಯೂದಿಂದ, ಅಂದರೆ ಸಂದೇಶಗಳನ್ನು ಸರದಿಯಲ್ಲಿ ಇಟ್ಟುಕೊಳ್ಳುವ ಇನ್ನೊಂದು ವ್ಯವಸ್ಥೆಯಿಂದ, ಸಂದೇಶ ತೆಗೆದು ಡೇಟಾಬೇಸ್‌ಗೆ ಬರೆಯುತ್ತದೆ. ಬರೆದಾಯಿತು ಎಂದು ಕ್ಯೂಗೆ ತಿಳಿಸುತ್ತದೆ. ಕ್ಯೂ ತನ್ನ ಪ್ರತಿಯನ್ನು ಅಳಿಸುತ್ತದೆ. ಆಗ ಸರ್ವರ್ ಬಿದ್ದರೆ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಮನುಷ್ಯರು ಯಾರೂ ಕೇಳಿಸಿಕೊಂಡಿಲ್ಲ, ಇನ್ನೊಂದು ಯಂತ್ರ ಕೇಳಿಸಿಕೊಂಡಿತ್ತು.

ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲೂ ಇಂಥ ಅನುಕೂಲ ಇದೆ. ಡಿಸ್ಕ್‌ಗೆ ಸುಮಾರು ಸೆಕೆಂಡಿಗೊಮ್ಮೆ ಇಳಿಸು ಎಂದು ಹೇಳಬಹುದು. ಆದರೆ ಅದು ಇಡೀ ಸರ್ವರ್‌ಗೆ ಒಂದೇ ಸೆಟ್ಟಿಂಗ್. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ವ್ಯವಹಾರಕ್ಕೂ ಬೇರೆ ಬೇರೆ ಹೇಳಬಹುದು. ನನಗೆ ಇದೇ ಜಾಸ್ತಿ ಇಷ್ಟ. ಎಣಿಕೆಗೆ ತಡ ಆಗಲಿ, ದುಡ್ಡಿಗೆ ಬೇಡ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಕಿರ್ದಿ ಒಂದೇ, ಸಾಲಾಗಿ ಬರೆದದ್ದು. ದುಡ್ಡಿನ ಸಾಲು ಡಿಸ್ಕ್ ಮುಟ್ಟಿದಾಗ, ಅದಕ್ಕಿಂತ ಮೇಲಿದ್ದ ಎಣಿಕೆಯ ಸಾಲುಗಳೂ ಜೊತೆಗೇ ಮುಟ್ಟಿರುತ್ತವೆ.

ನೀವು ಏನೇ ಆಫ್ ಮಾಡಿದರೂ ಕೆಲವು ಆಜ್ಞೆಗಳಿಗೆ ಪೋಸ್ಟ್‌ಗ್ರೆಸ್ ಕಾದೇ ಕಾಯುತ್ತದೆ. ಟೇಬಲ್ ಕಿತ್ತುಹಾಕುವ ಡ್ರಾಪ್ ಟೇಬಲ್ ಅದರಲ್ಲೊಂದು. ಅಲ್ಲಿ ಅಳಿಸಿಹೋಗುವುದು ಡಿಸ್ಕ್ ಮೇಲಿನ ಫೈಲ್. ಟೇಬಲ್ ಇನ್ನೂ ಇದೆ ಎಂದು ಕಿರ್ದಿ ಹೇಳುತ್ತಿದ್ದು, ಫೈಲ್ ಹೋಗಿಬಿಟ್ಟಿದ್ದರೆ, ಅದನ್ನು ಎಲ್ಲಿಂದ ತರುವುದು?

ನಮಸ್ಕಾರ.