ಕೋಟೆಯ ಬಲ ಹೊಟ್ಟೆಯೊಳಗೆ

ಕೇಳುಗರೇ, ನಮಸ್ಕಾರ. ಚೀನಾ, ಜಪಾನಿನ ಕೋಟೆಗಳ ಬಗ್ಗೆ ಒಂದೇ ಮಾತು ಹೇಳುತ್ತೇನೆ, ಮನಸ್ಸಿನಲ್ಲಿಡಿ: ಗೋಡೆಯ ಬಲ ಹೊರಗೆ ಕಾಣುವುದರಲ್ಲಿಲ್ಲ, ಒಳಗಿದೆ.

ಚೀನಾದ ಶಿಯಾನ್ ನಗರದ ಕೋಟೆಯನ್ನು ಎಲ್ಲರೂ ಇಟ್ಟಿಗೆ ಕೋಟೆ ಅನ್ನುತ್ತಾರೆ. ಅಲ್ಲ! 1370ರ ದಶಕದಲ್ಲಿ ಕಟ್ಟಿದ್ದು ಮಣ್ಣಿನಿಂದ. ಇಟ್ಟಿಗೆಯ ಅಂಗಿ ತೊಡಿಸಿದ್ದು 1568ರಲ್ಲಿ. ಎತ್ತರ 12 ಮೀಟರ್, ಬುಡದ ಅಗಲ 15ರಿಂದ 18 ಮೀಟರ್. ಎರಡು ಹಲಗೆಗಳ ನಡುವೆ ಮಣ್ಣು ಸುರಿದು, ಗೇಣಿಗಿಂತ ಕಡಿಮೆ ದಪ್ಪದ ಪದರ ಬರುವ ತನಕ ದಿಮ್ಮಸು ಹಾಕಿ, ಅದರ ಮೇಲೆ ಇನ್ನೊಂದು ಪದರ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಕೆಳಗೆ ಬಿಟ್ಟರೆ ಒಡೆಯಬೇಕು. ಒಣಗಿದ್ದರೆ ಕೂಡಿಕೊಳ್ಳುವುದಿಲ್ಲ, ಹಸಿ ಹೆಚ್ಚಾದರೆ ದಿಮ್ಮಸಿನಡಿ ಜಾರುತ್ತದೆ. ಬುಡದ ಪದರಕ್ಕೆ ಸುಣ್ಣ, ಅಂಟಕ್ಕಿಯ ಗಂಜಿ. ಇಂಥ ಗೋಡೆಯ ವೈರಿ ಫಿರಂಗಿಗಿಂತ ಹೆಚ್ಚಾಗಿ ಮಳೆನೀರು. ನೀರು ಒಳಗಿಳಿಯದಂತೆ ಮೇಲೆ ಹಾಸು, ಹರಿದುಹೋಗಲು ದೋಣಿಯಂಥ ಕಾಲುವೆ.

ಜಪಾನಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ನೀರಿಗೆ ದಾರಿ ಬಿಡುತ್ತಾರೆ. ಗಾರೆಯಿಲ್ಲದೆ ಪೇರಿಸಿದ ದಪ್ಪ ಕಲ್ಲು, ಅದರ ಬೆನ್ನಿಗೆ ಬೊಗಸೆಗಾತ್ರದ ಉರುಟು ಕಲ್ಲುಗಳ ತುಂಬು, ಅದರ ಹಿಂದೆ ಮಣ್ಣು. ಮಳೆನೀರು ಆ ತುಂಬಿನಲ್ಲಿ ಇಳಿದು ಸಂದಿಗಳಿಂದ ಹೊರಬರುತ್ತದೆ. ತುಂಬಿಗೆ ಮಣ್ಣು ಸೇರಿ ಸಂದಿ ಮುಚ್ಚಿತೋ, ಗೋಡೆ ಹೊಟ್ಟೆ ಬಿಡುತ್ತದೆ. ಅದಕ್ಕೆ ಜಪಾನಿಯರು ಬಳಸುವ ಪದದ ಅರ್ಥವೂ ಬಸಿರಾಗುವುದು ಎಂದೇ.

ಕುಮಾಮೊಟೊ ಕೋಟೆಯ ಕತೆ ಕೇಳಿ. ಕಾಟೊ ಕಿಯೊಮಾಸಾ ಎಂಬ ಸಾಮಂತ 1607ರಲ್ಲಿ ಮುಗಿಸಿದ ಕೋಟೆ. ಬುಡದಲ್ಲಿ ಹತ್ತಬಹುದು ಅನ್ನಿಸುವ ಇಳಿಜಾರು, ಮೇಲೆ ಹೋದಂತೆ ನೆಟ್ಟಗೆ. 2016ರ ಏಪ್ರಿಲ್‌ನಲ್ಲಿ ಎರಡು ದೊಡ್ಡ ಭೂಕಂಪ. ಕಲ್ಲುಗೋಡೆಯ ಸುಮಾರು ಹತ್ತನೇ ಒಂದು ಪಾಲು ಉದುರಿತು. ಈಡಾಮಾರು ಎಂಬ ಬುರುಜಿನಡಿ ಎರಡೂ ಪಕ್ಕದ ಗೋಡೆ ಕುಸಿದು, ಒಂದು ಮೂಲೆಯ ಕಲ್ಲುಸಾಲು ಮಾತ್ರ ಕಂಬದ ಹಾಗೆ ನಿಂತಿತು. ಆ ಒಂದೇ ಸಾಲಿನ ಮೇಲೆ ಬುರುಜಿನ ಮೂಲೆ! ಪವಾಡವೇನಲ್ಲ. ಮೂಲೆಗಲ್ಲುಗಳು ಉದ್ದನೆಯವು, ಒಂದರ ಉದ್ದ ಬಲಕ್ಕೆ, ಅದರ ಮೇಲಿನದರ ಉದ್ದ ಎಡಕ್ಕೆ. ಒಂದು ಪಕ್ಕದಿಂದ ಕಾಣುವ ಮುಖ ಚಿಕ್ಕದು, ಅದರ ಹಿಂದೆ ಇನ್ನೊಂದು ಪಕ್ಕದ ಗೋಡೆಯೊಳಕ್ಕೆ ಚಾಚಿದ ಬಾಲ ಉದ್ದ. ನೋಡಿ, ಬಲ ಮತ್ತೆ ಒಳಗೇ! ಆಮೇಲೆ ಉಕ್ಕಿನ ಚೌಕಟ್ಟನ್ನು ಕೈಯಂತೆ ಚಾಚಿ ಬುರುಜನ್ನು ಆತುಕೊಂಡರು. ಬಿದ್ದ ಕಲ್ಲುಗಳಿಗೆ ಸಂಖ್ಯೆ ಕೊಟ್ಟು, ಹಳೆಯ ಫೋಟೊ ಹೋಲಿಸಿ, ಅದದರ ಜಾಗಕ್ಕೇ ಮರಳಿಸುತ್ತಿದ್ದಾರೆ.

ಕಂದಕ, ಹೆಬ್ಬಾಗಿಲುಗಳಿಗೆ ಸಮಯವಿಲ್ಲ. ಜಪಾನಿನ ಹಿಮೇಜಿ ಕೋಟೆಗೆ ಹೋದವರು ಬಿಳಿ ಗೋಪುರದ ಫೋಟೊ ತೆಗೆದು ಹಿಂದಿರುಗಬೇಡಿ. ಗೋಡೆಯ ಮೂಲೆಗೆ ಹೋಗಿ, ಯಾವ ಕಲ್ಲು ಯಾವ ಕಡೆಗೆ ಬಾಲ ಚಾಚಿದೆ ಎಂದು ಬುಡದಿಂದ ಎಣಿಸುತ್ತ ಮೇಲೆ ನೋಡಿ. ನಮಸ್ಕಾರ.