ಪ್ರೀಮಿಯಂ ಮೇಲಿನ 18 ಪರ್ಸೆಂಟ್ ಯಾರ ತಲೆಗೆ?

ಎಲ್ಲರಿಗೂ ನಮಸ್ಕಾರ. ಮುಂಬೈನ ಇಷ್ಟು ಜನ ಹೋಟೆಲಿನವರು ಸಂಜೆ ಹೊತ್ತು ಗಲ್ಲಾ ಬಿಟ್ಟು ಮಾಟುಂಗಾಕ್ಕೆ ಬಂದಿದ್ದೀರಿ ಅಂದರೆ ಸುಮ್ನೆ ಅಲ್ಲ, ಎಲ್ಲೋ ಚುಚ್ಚುತ್ತಿದೆ. ಪಾಲಿಸಿ ಹಿಡ್ಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೆ. ಅರ್ಧದಷ್ಟು ಜನ ತಂದಿದ್ದೀರಿ. ಉಳಿದವರ ಪಾಲಿಸಿ ಎಲ್ಲಿದೆ ಅಂತ ನನಗೆ ಗೊತ್ತು, ಏಜೆಂಟರ ಹತ್ತಿರ.

ಮೊದಲು ಒಂದು ಲೆಕ್ಕ. ನಿಮ್ಮ ಬೆಂಕಿ ವಿಮೆಯ ಪ್ರೀಮಿಯಂ 30,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 5,400. ಪಕ್ಕದ ಹಾರ್ಡ್‌ವೇರ್ ಅಂಗಡಿಯವರೂ ಅಷ್ಟೇ ಕಟ್ಟುತ್ತಾರೆ. ಆದರೆ ಗಿರಾಕಿಯಿಂದ ವಸೂಲು ಮಾಡಿದ ಟ್ಯಾಕ್ಸಿನಲ್ಲಿ ಅದನ್ನು ಮುರಿದುಕೊಳ್ಳುತ್ತಾರೆ. ಇನ್‌ಪುಟ್ ಕ್ರೆಡಿಟ್ ಅನ್ನುವುದು ಇದಕ್ಕೇ. ನಮಗೆ ಅದಿಲ್ಲ. 2017ರ ನವೆಂಬರ್‌ನಲ್ಲಿ ಹೋಟೆಲ್ ಬಿಲ್ಲಿನ ಟ್ಯಾಕ್ಸನ್ನು 5 ಪರ್ಸೆಂಟಿಗೆ ಇಳಿಸಿದರು. ಗಿರಾಕಿಗಳಿಗೆ ಖುಷಿ. ಅದರ ಜೊತೆಗೇ ನಮ್ಮ ಕ್ರೆಡಿಟ್ ಹೋಯಿತು. ಕಾಂಪೋಸಿಷನ್‌ನಲ್ಲಿರುವ, ಅಂದರೆ ಒಟ್ಟು ವ್ಯಾಪಾರದ ಮೇಲೆ ಇಂತಿಷ್ಟು ಅಂತ ಟ್ಯಾಕ್ಸ್ ಕಟ್ಟುವ ಸಣ್ಣ ಅಂಗಡಿಯವರದೂ ಇದೇ ಪಾಡು. 19 ಕೆ.ಜಿ. ಸಿಲಿಂಡರ್ ಮೇಲಿನ 18, ವಿಮೆ ಮೇಲಿನ 18, ಕೊನೆಗೆ ಈ ಲೆಕ್ಕ ಬರೆಯುವ ಸಿಎ ಫೀಸಿನ ಮೇಲಿನ 18, ಎಲ್ಲ ನಮ್ಮ ಗಲ್ಲಾದಿಂದಲೇ. ‘ಇನ್‌ಕಮ್ ಟ್ಯಾಕ್ಸಿನಲ್ಲಿ ಖರ್ಚು ತೋರಿಸಬಹುದಲ್ಲ’ ಅಂತ ಸಮಾಧಾನ ಹೇಳುವವರಿದ್ದಾರೆ. ತೋರಿಸಬಹುದು. ಉಳಿಯುವುದು ಆ 5,400ರಲ್ಲಿ ಒಂದು ಪಾಲು, ಅದೂ ಲಾಭ ಇದ್ದರೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆ ಮೇಲಿನ ಜಿಎಸ್‌ಟಿ ತೆಗೆದರು. ಒಳ್ಳೆಯದೇ, ನನ್ನ ಮನೆಗೂ ಅನುಕೂಲ ಆಯಿತು. ಆದರೆ ಕೆಲಸದವರಿಗೆ ಮಾಡಿಸುವ ಗುಂಪು ವಿಮೆ ಮೇಲೆ 18 ಹಾಗೇ ಇದೆ. ಧಣಿಗಳು ತಮಗೆ ಮಾಡಿಸಿಕೊಂಡರೆ ಸೊನ್ನೆ, ಅಡುಗೆ ಭಟ್ಟರಿಗೂ ಸಪ್ಲೈಯರ್ ಹುಡುಗರಿಗೂ ಸೇರಿಸಿ ಮಾಡಿಸಿದರೆ ಹದಿನೆಂಟು. ಇದ್ಯಾವ ನ್ಯಾಯ?

ಇನ್ನು ಪ್ರೀಮಿಯಂ ಯಾಕೆ ಏರಿತು? 2007ರಲ್ಲಿ ಸರ್ಕಾರಿ ದರಪಟ್ಟಿ ಹೋಯಿತು. ಕಂಪನಿಗಳು ಪೈಪೋಟಿಗೆ ಬಿದ್ದು ರೇಟು ಇಳಿಸಿದವು. ವಿಮಾ ಕಂಪನಿಗಳಿಗೇ ವಿಮೆ ಕೊಡುವ ಸಂಸ್ಥೆಯೊಂದಿದೆ, ಚರ್ಚ್‌ಗೇಟಿನ ಜಿಐಸಿ ರೀ. ಕೆಲವು ಬಗೆಯ ಉದ್ಯಮಗಳಿಗೆ ಇಷ್ಟಕ್ಕಿಂತ ಕಡಿಮೆಗೆ ಬರೆದರೆ ನಾವು ಜೊತೆಗಿಲ್ಲ ಅಂತ 2019ರಲ್ಲಿ ಅದು ಪಟ್ಟು ಹಿಡಿಯಿತು. ಮುಂದೆ ಆ ಪಟ್ಟಿ ಉದ್ದವಾಯಿತು. ಜೊತೆಗೆ ಸಾಮಾನಿನ ಬೆಲೆಯೂ ಏರಿದೆ, ಅಲ್ವಾ?

ರೇಟು ನಮ್ಮ ಕೈಯಲ್ಲಿಲ್ಲ, ಟ್ಯಾಕ್ಸೂ ಇಲ್ಲ. ನಮ್ಮ ಕೈಯಲ್ಲಿರುವುದು ಒಂದೇ, ಸಮ್ ಇನ್ಶೂರ್ಡ್, ಅಂದರೆ ಎಷ್ಟು ಮೊತ್ತಕ್ಕೆ ವಿಮೆ ಅಂತ ಬರೆಸುವ ಅಂಕಿ. ಅದನ್ನೇ ಕತ್ತರಿಸುತ್ತೇವೆ.

ನಮ್ಮ ಸೋದರಮಾವನ ಹೋಟೆಲ್ ಕುರ್ಲಾದಲ್ಲಿತ್ತು. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ನೀರು ಇಳಿದ ಮೇಲೆ ನಾನೂ ಹೋಗಿದ್ದೆ. ಗ್ರೈಂಡರಿನ ಒಳಗೆಲ್ಲ ಕೆಸರು. ಉದ್ದಿನಬೇಳೆ ಮೂಟೆ ಊದಿ ಹೊಲಿಗೆ ಬಿಚ್ಚಿಕೊಂಡಿತ್ತು. ದೇವರ ಫೋಟೋಕ್ಕಿಂತ ಒಂದು ಗೇಣು ಕೆಳಗೆ ಗೋಡೆ ಮೇಲೆ ನೀರಿನ ಗೆರೆ. ಪಾಲಿಸಿ ಇತ್ತು, ನೆರೆಗೂ ಕವರ್ ಇತ್ತು, ಮಾವ ಧೈರ್ಯವಾಗಿದ್ದರು. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದವರು ‘ಇಲ್ಲಿದ್ದ ಸಾಮಾನೆಲ್ಲ ಒಟ್ಟು ಎಷ್ಟು ಬೆಲೆ ಬಾಳುತ್ತೆ?’ ಅಂತ ಕೇಳಿದರು. ಮಾವ ಹುರುಪಿನಲ್ಲಿ ‘10 ಲಕ್ಷಕ್ಕೆ ಒಂದು ಪೈಸೆ ಕಮ್ಮಿ ಇಲ್ಲ’ ಅಂದರು. ಪಾಲಿಸಿಯಲ್ಲಿದ್ದದ್ದು 5 ಲಕ್ಷ. ಪ್ರೀಮಿಯಂ ಉಳಿಯಲಿ ಅಂತ ತಾವೇ ಬರೆಸಿದ್ದು. ಹಾಳಾದದ್ದು 4 ಲಕ್ಷದ ಮಾಲು. ಕೈಗೆ ಬಂದದ್ದು 2 ಲಕ್ಷಕ್ಕೂ ಕಡಿಮೆ.

ಮಾವ ಸಾಯುವವರೆಗೂ ಅದನ್ನು ಮೋಸ ಅಂತಲೇ ಹೇಳುತ್ತಿದ್ದರು. ಮೋಸ ಅಲ್ಲ, ಅದು ಪಾಲಿಸಿಯ ಷರತ್ತು. ಸಾಮಾನಿನ ಬೆಲೆಯಲ್ಲಿ ಎಷ್ಟು ಪಾಲಿಗೆ ವಿಮೆ ಇದೆಯೋ, ನಷ್ಟದಲ್ಲೂ ಅಷ್ಟೇ ಪಾಲು ಸಿಗುವುದು. ಅರ್ಧ ಬೆಲೆಗೆ ವಿಮೆ ಮಾಡಿಸಿದರೆ ಉಳಿದರ್ಧಕ್ಕೆ ನೀವೇ ವಿಮಾ ಕಂಪನಿ.

2021ರ ಏಪ್ರಿಲ್‌ನಿಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಅಂತ ಒಂದು ಪಾಲಿಸಿ ಬಂದಿದೆ. ಕಟ್ಟಡ, ಮಶೀನು, ಮಾಲು ಸೇರಿ ಒಂದು ಜಾಗದಲ್ಲಿ 5 ಕೋಟಿ ವರೆಗಿನವರಿಗೆ. ನಿಜವಾದ ಬೆಲೆಗಿಂತ 15 ಪರ್ಸೆಂಟ್ ವರೆಗೆ ಕಡಿಮೆ ಬರೆಸಿದ್ದರೂ ಇದರಲ್ಲಿ ಕ್ಲೇಮಿಗೆ ಕತ್ತರಿ ಬೀಳುವುದಿಲ್ಲ. ಅದಕ್ಕಿಂತ ಜಾಸ್ತಿ ಇಳಿಸಿದರೆ ಮಾವನ ಕಥೆಯೇ.

ಸರ್ಕಾರವನ್ನು ಏನು ಕೇಳೋಣ? ಪೂರ್ತಿ ಮಾಫಿ ಬೇಡ ಅಂತ ನನ್ನ ಅಭಿಪ್ರಾಯ. ಮಾಫಿ ಮಾಡಿದರೆ ಕಂಪನಿಗೂ ಕ್ರೆಡಿಟ್ ತಪ್ಪುತ್ತದೆ, ಆ ಹೊರೆಯನ್ನು ಕಂಪನಿ ಮೂಲ ಪ್ರೀಮಿಯಮ್ಮಿಗೇ ಸೇರಿಸಿಬಿಡಬಹುದು. ಈ ಸೂಕ್ಷ್ಮ ಪಾಲಿಸಿಗೆ ಮಾತ್ರ 5 ಪರ್ಸೆಂಟ್ ಮಾಡಿ ಅಂತ ಕೇಳೋಣ. ನಮ್ಮ ಬಿಲ್ಲಿಗೆ 5 ಅಂತ ಹೇಳಿದವರಿಗೆ ನಮ್ಮ ವಿಮೆಗೂ 5 ಅನ್ನಲು ಏನು ಕಷ್ಟ? ಅರ್ಜಿಯ ಕರಡು ತಂದಿದ್ದೇನೆ, ಚಹಾ ಕುಡಿಯುತ್ತಾ ಓದಿ, ತಿದ್ದುವುದಿದ್ದರೆ ತಿದ್ದಿ.

ಈಗ ಪಾಲಿಸಿ ತಂದವರು ತೆಗೆಯಿರಿ. ಸಮ್ ಇನ್ಶೂರ್ಡ್ ಅಂತ ಇರುವ ಕಡೆ ಬೆರಳಿಡಿ. ಆ ಅಂಕಿ ಯಾವ ವರ್ಷ ಬರೆಸಿದ್ದು ಅಂತ ನೆನಪಿದೆಯಾ? ಹಿಂದಿನ ಸಾಲಿನಲ್ಲಿರುವ ಅಣ್ಣ, ನಿಮ್ಮಿಂದಲೇ ಶುರು ಮಾಡೋಣ.