ಸಮನ್ಸ್ ಬಂದ ದಿನವೇ ಘಟಕಕ್ಕೆ ತಿಳಿಸಿ

ಕೇಳುಗರಿಗೆ ನಮಸ್ಕಾರ. ಕಾರವಾರದಿಂದ ಸಿರ್ಸಿಯವರೆಗೆ ಭೂಸೇನೆ, ನೌಕಾಪಡೆಗೆ ಮಕ್ಕಳನ್ನು ಕಳಿಸಿದ ಮನೆಯವರೇ, ನಿಮಗೆ ಹೇಳುವುದು ಒಂದೇ ಮಾತು. ಮಗನ ಹೆಸರಿಗೆ ಕೋರ್ಟಿನ ಸಮನ್ಸ್ ಬಂದರೆ, ಬಂದ ದಿನವೇ ಅವನ ಘಟಕಕ್ಕೆ, ಅಂದರೆ ಅವನಿರುವ ಯುನಿಟ್ಟಿಗೆ ತಿಳಿಸಿ.

ಅಂಕೋಲೆ ಕಡೆಯ ಒಂದು ಮನೆ ಅಂದುಕೊಳ್ಳಿ. ಮಗ ಗಡಿಯಲ್ಲಿದ್ದಾನೆ. ಗದ್ದೆಯ ಪಾಲಿಗೆ ದಾಯಾದಿಗಳು ದಾವೆ ಹಾಕಿದ್ದಾರೆ. ಸಮನ್ಸ್ ಮುಟ್ಟಿಸುವ ಕೋರ್ಟಿನ ನೌಕರ, ಅಂದರೆ ಬೇಲಿಫ್ ಬಂದು, "ಅಮ್ಮಾ, ಇಲ್ಲೊಂದು ಸಹಿ ಹಾಕಿ" ಎನ್ನುತ್ತಾನೆ. ತಾಯಿ ಸಹಿ ಹಾಕುತ್ತಾಳೆ. 'ಅಲ್ಲಿ ಅವನಿಗೆ ಯಾಕೆ ತಲೆಬಿಸಿ, ಚೌತಿಗೆ ಬಂದಾಗ ಕೊಟ್ಟರಾಯಿತು' ಎಂದು ಕಾಗದವನ್ನು ದೇವರ ಗೂಡಿನಲ್ಲಿಡುತ್ತಾಳೆ. ಮನೆಯ ವಯಸ್ಕರೊಬ್ಬರು ತೆಗೆದುಕೊಂಡರಲ್ಲ, ಕೋರ್ಟಿನ ಲೆಕ್ಕದಲ್ಲಿ ಸಮನ್ಸ್ ಮುಟ್ಟಿತು. ತಾರೀಕಿಗೆ ಯಾರೂ ಹೋಗಲಿಲ್ಲ; ಏಕಪಕ್ಷೀಯ ಡಿಕ್ರಿ, ಅಂದರೆ ಮಗನ ಮಾತು ಕೇಳದೆಯೇ ತೀರ್ಪು ಆಯಿತು. ಅದನ್ನು ರದ್ದು ಮಾಡಿಸಲು ಸಾಮಾನ್ಯವಾಗಿ ಇರುವುದು 30 ದಿನ. ಮಗ ಚೌತಿಗೆ ಬರುವಷ್ಟರಲ್ಲಿ ಅದೂ ಕಳೆದಿರುತ್ತದೆ.

ಆ ತಾಯಿ ಹೇಳಬೇಕಿದ್ದದ್ದು ಇಷ್ಟೇ: "ಮಗ ಸೈನಿಕ. ಸಮನ್ಸನ್ನು ಅವನ ಕಮಾಂಡಿಂಗ್ ಆಫೀಸರಿಗೆ ಕಳಿಸಿ." ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ, 28ನೇ ನಿಯಮ ಹೇಳುವುದೂ ಅದನ್ನೇ. ಘಟಕದ ವಿಳಾಸ ಕೊಟ್ಟು, ಬೇಲಿಫ್‌ನ ಷರಾದಲ್ಲಿ, ಅಂದರೆ ಅವನು ಬರೆಯುವ ಟಿಪ್ಪಣಿಯಲ್ಲಿ, ಅದನ್ನು ಬರೆಸಿ.

ಘಟಕಕ್ಕೆ ಏನು ತಿಳಿಸಬೇಕು? ಕೋರ್ಟಿನ ಹೆಸರು, ದಾವೆಯ ನಂಬರು, ಮುಂದಿನ ತಾರೀಕು. ಸಮನ್ಸಿನ ಫೋಟೋ ಮಗನಿಗೆ, ನಕಲು ಸ್ಪೀಡ್ ಪೋಸ್ಟಿನಲ್ಲಿ ಆಫೀಸರಿಗೆ. "ಫೋನಿನಲ್ಲಿ ಹೇಳಿದ್ದೇವೆ" ಎಂದರೆ ಸಾಲದು, ದಯವಿಟ್ಟು.

ರಜೆ ಸಿಗದಿದ್ದರೆ ಮಗ ಆಫೀಸರ ಎದುರೇ ಅಧಿಕಾರಪತ್ರಕ್ಕೆ ಸಹಿ ಹಾಕಬೇಕು, ಆಫೀಸರು ಮೇಲುಸಹಿ ಹಾಕಬೇಕು. ಅದನ್ನು ಕೋರ್ಟಿಗೆ ಕೊಟ್ಟರೆ ಅಪ್ಪನೋ ಅಣ್ಣನೋ ಅವನ ಪರವಾಗಿ ದಾವೆ ನಡೆಸಬಹುದು, ವಕೀಲರನ್ನೂ ನೇಮಿಸಬಹುದು. ರಜೆ ಸಿಕ್ಕರೆ ರಜೆಯ ಪ್ರಮಾಣಪತ್ರ ಹಾಜರುಪಡಿಸಿ. ಸಾಧ್ಯವಾದಷ್ಟೂ ಆ ರಜೆಯೊಳಗೇ ವಿಚಾರಣೆ ಮುಗಿಸಬೇಕೆಂದು 1950ರ ಸೇನಾ ಕಾಯ್ದೆ ಹೇಳುತ್ತದೆ.

ಯುದ್ಧ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿದ್ದರೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಇದೆ. ಮಗನ ಪರ ಯಾರೂ ಇಲ್ಲದಿದ್ದರೆ ಜಿಲ್ಲಾಧಿಕಾರಿಯೇ ಕೋರ್ಟಿಗೆ ಬರೆಯಬಹುದು. ಸೇನೆಯ ಪ್ರಮಾಣಪತ್ರ ಬಂದರೆ ಕೋರ್ಟು ದಾವೆಯನ್ನು ಮುಂದೂಡಲೇಬೇಕು. ಆ ಸೇವೆಯಲ್ಲಿದ್ದಾಗ ಡಿಕ್ರಿ ಆಗಿಬಿಟ್ಟಿದ್ದರೆ, ರದ್ದತಿಗೆ ಅರ್ಜಿ ಹಾಕಲು 90 ದಿನ. ಸಮನ್ಸ್ ಸರಿಯಾಗಿ ಮುಟ್ಟಿರದಿದ್ದರೆ, ಡಿಕ್ರಿ ಗೊತ್ತಾದ ದಿನದಿಂದ ಆ ಎಣಿಕೆ.

ಸೈನಿಕನ ಸಂಬಳವನ್ನು ಸಾಲದ ಡಿಕ್ರಿಗೆ ಕೋರ್ಟು ಜಪ್ತಿ ಮಾಡುವಂತಿಲ್ಲ. ಹಾಗೆಂದು ಸುಮ್ಮನೆ ಕೂರಬೇಡಿ. ಅವನ ಹೆಸರಿನ ಗದ್ದೆ, ತೋಟಗಳಿಗೆ ಆ ರಕ್ಷಣೆಯಿಲ್ಲ. ನಮಸ್ಕಾರ.